ಹೆಚ್ಚಾದ ನಾಲ್ಕು ತಿರುಪು

"ಹದಿನೆಂಟು," ಅಂದರು ಸಿಸ್ಟರತ್ತೆ.

ಗುಬ್ಬಿ ಕೈಯಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೇಲೆ ನೀಲಿ ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ, ಹದಿನಾಲ್ಕು ಎಂದು ಬರೆದಿತ್ತು.

"ಇನ್ನೊಂದು ಸಲ ಎಣಿಸಿ ಅತ್ತೆ."

"ಮೂರು ಸಲ ಆಯ್ತು ಕಣೇ. ಬೇಕಾದ್ರೆ ನೀನೇ ಎಣಿಸು."

ಮೇಜಿನ ಮೇಲೆ ಬಿಳಿ ಕರವಸ್ತ್ರ ಹಾಸಿತ್ತು. ಅದರ ಮೇಲೆ ಗುಬ್ಬಿ ಒಂದೊಂದೇ ತಿರುಪನ್ನು ಬೆರಳ ತುದಿಯಿಂದ ಸರಿಸುತ್ತ ಹೋದಳು. ಹದಿನೆಂಟೇ.

ಈ ಕೋಣೆಯ ಹೊಸ್ತಿಲಿನಿಂದ ನಾಲ್ಕೇ ಹೆಜ್ಜೆ ಆಚೆಗೆ ಮೆಟ್ಟಿಲು. ಆ ಮೆಟ್ಟಿಲಿನ ಬುಡದಲ್ಲಿ ಕಳೆದ ಶನಿವಾರ ಸಂಜೆ ಅವಳ ಅಪ್ಪ ಸತ್ತು ಬಿದ್ದಿದ್ದರು. ಕಾಲು ಜಾರಿ ಬಿದ್ದರು ಎಂದು ಬರೆದು, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸರು ಫೈಲು ಮುಚ್ಚುವವರಿದ್ದರು. ಅವರು ಜಾರಿ ಬೀಳಲಿಲ್ಲ ಎಂದು ನಂಬಿದವರು ಇಬ್ಬರೇ. ಇಬ್ಬರೂ ಈಗ ಇದೇ ಕೋಣೆಯಲ್ಲಿದ್ದರು.

ಸಿಸ್ಟರತ್ತೆ ಗುಬ್ಬಿಗೆ ರಕ್ತಸಂಬಂಧಿಯಲ್ಲ. ಪಕ್ಕದ ಮನೆಯವರು. ಮೂವತ್ತೊಂದು ವರ್ಷ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು, ಪುಟ್ಟ ಹುಡುಗಿಯಾಗಿದ್ದಾಗ ಗುಬ್ಬಿ ಅದಕ್ಕೆ ಅತ್ತೆ ಅಂಟಿಸಿದಳು. ಅದೇ ಉಳಿಯಿತು. ಗುಬ್ಬಿ ಅನ್ನುವುದೂ ಅಪ್ಪ ಇಟ್ಟ ಅಡ್ಡಹೆಸರೇ. ಅವಳಿಗೀಗ ಮೂವತ್ತೇಳು, ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾಳೆ, ಆದರೂ ಗುಬ್ಬಿಯೇ.

ಸತ್ತವರ ಕಣ್ಣು ಮುಚ್ಚಿಸಿದ್ದು ಸಿಸ್ಟರತ್ತೆ. ರೆಪ್ಪೆಯ ಒಳಗೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕಿಗಳನ್ನು ಅವರು ಆಗ ಕಂಡಿದ್ದರು. ಬಿದ್ದು ಸತ್ತವರಲ್ಲಿ ಅಂಥದ್ದನ್ನು ಅವರು ಕಂಡಿರಲಿಲ್ಲ. ಉಸಿರು ಕಟ್ಟಿ ಹೋದವರಲ್ಲಿ ಕಂಡಿದ್ದರು. ಡಾಕ್ಟರ ಹತ್ತಿರ ಹೇಳಿದರೆ, "ನಮಗೂ ವಯಸ್ಸಾಯ್ತು ಸಿಸ್ಟರ್, ಕಣ್ಣು ಮಂಜು," ಅಂತ ನಕ್ಕು ಕಳಿಸಿದ್ದರು. ಈಗ ತೋರಿಸಲು ದೇಹವೂ ಇಲ್ಲ.

ಉಳಿದದ್ದು ಈ ಕೋಣೆ. ಶನಿವಾರ ಸಂಜೆ ಏಳಕ್ಕೆ ಪೊಲೀಸರು ಬೀಗ ಹಾಕಿದ್ದು, ಇವತ್ತು ಬುಧವಾರ ಮಧ್ಯಾಹ್ನ ಎರಡಕ್ಕೆ ಬೀಗದ ಕೈ ಕೊಟ್ಟಿದ್ದರು. ಠಾಣೆಯಿಂದ ನೇರ ಬಂದು ಇಬ್ಬರೂ ಬಾಗಿಲು ತೆರೆದಿದ್ದರು.

"ಎಲ್ಲಿಂದ ಶುರು ಮಾಡೋಣ?" ಅಂದು ಗುಬ್ಬಿ ಸುತ್ತಲೂ ನೋಡಿದ್ದಳು. ಅಪ್ಪನ ಭೂತಗನ್ನಡಿ, ಮೊಹರಿನ ಇಂಕು ಪ್ಯಾಡು, ಬಟ್ಟೆ ಹೊದ್ದು ಮೂಲೆ ಸೇರಿದ್ದ ಹಳೆಯ ಟೈಪ್‌ರೈಟರು. ನಲವತ್ತು ವರ್ಷ ದಸ್ತಾವೇಜು ಬರೆದ ಅಪ್ಪ, ಎಪ್ಪತ್ತೊಂದನೇ ವಯಸ್ಸಿನಲ್ಲಿ ಹೊಸ ಕಂಪ್ಯೂಟರು ಕೊಂಡಿದ್ದರು. "ಟೈಪ್‌ರೈಟರಿಗೆ ನನ್ನ ಮೇಲೆ ಮುನಿಸು," ಅನ್ನುತ್ತಿದ್ದರು. ಕಂಪ್ಯೂಟರು ಬಂದು ಹನ್ನೆರಡು ದಿನವೂ ಆಗಿರಲಿಲ್ಲ.

"ಹೊಸ ವಸ್ತು ಯಾವುದೋ ಅಲ್ಲಿಂದ," ಅಂದಿದ್ದರು ಸಿಸ್ಟರತ್ತೆ. "ಅದರ ಜೊತೆ ಏನೇನು ಬಂತು ಅನ್ನೋ ಪಟ್ಟಿ ಇದೆಯಾ? ಹೊಟ್ಟೆ ಕೊಯ್ಯೋ ಮುಂಚೆ ಕತ್ತರಿ, ಇಕ್ಕಳ, ಹತ್ತಿಯ ತುಂಡು, ಎಲ್ಲ ಎಣಿಸಿ ಬರೀತಿದ್ವಿ. ಹೊಲಿಯೋ ಮುಂಚೆ ಮತ್ತೆ ಎಣಿಸ್ತಿದ್ವಿ. ಲೆಕ್ಕ ತಾಳೆಯಾಗದೆ ದಾರ ಮುಟ್ಟೋಕೆ ಬಿಡ್ತಿರಲಿಲ್ಲ, ಎಂಥಾ ದೊಡ್ಡ ಡಾಕ್ಟರಾಗಲಿ."

ಪಟ್ಟಿ ಇತ್ತು. ಅಪ್ಪ ಕಾಗದ ಬಿಸಾಡಿದವರಲ್ಲ.

ಕ್ಯಾಬಿನೆಟ್ ಒಂದು. ಮಾನಿಟರ್ ಒಂದು. ಕೀಬೋರ್ಡು, ಮೌಸು, ಮೌಸಿನ ಕೆಳಗೆ ಹಾಸುವ ಮ್ಯಾಟು. ಸ್ಪೀಕರ್ ಒಂದು ಜೊತೆ. ಯುಪಿಎಸ್. ಕರೆಂಟಿನ ವೈರು ಮೂರು. ಮಾನಿಟರಿನ ಕೇಬಲ್ಲು. ಧೂಳು ಕೂರದಂತೆ ಹೊದಿಸುವ ಪ್ಲಾಸ್ಟಿಕ್ ಕವರು ಮೂರು: ಮಾನಿಟರಿಗೆ, ಕ್ಯಾಬಿನೆಟ್ಟಿಗೆ, ಕೀಬೋರ್ಡಿಗೆ. ಜೋಡಿಸಿ ಉಳಿದ ತಿರುಪಿನ ಪೊಟ್ಟಣ ಒಂದು, ಒಳಗೆ ಹದಿನಾಲ್ಕು.

ಗುಬ್ಬಿ ಓದುತ್ತ ಹೋದಳು, ಸಿಸ್ಟರತ್ತೆ ಮುಟ್ಟಿ ಮುಟ್ಟಿ ಹೂಂ ಅನ್ನುತ್ತ ಹೋದರು. ಎರಡು ಕಡೆ ಮಾತ್ರ ಹೂಂ ಬರಲಿಲ್ಲ.

"ಮಾನಿಟರಿನ ಕವರು ಇಲ್ಲ. ತಿರುಪು ನಾಲ್ಕು ಹೆಚ್ಚಿದೆ." ಸಿಸ್ಟರತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಒಂದು ಕಡಿಮೆ, ಒಂದು ಹೆಚ್ಚು."

"ಕವರು ಎಲ್ಲೋ ಗಾಳಿಗೆ ಹೋಗಿರುತ್ತೆ ಬಿಡಿ. ತಿರುಪು ಹೆಚ್ಚಾದ್ರೆ ಏನು ನಷ್ಟ?"

"ಕಡಿಮೆಯಾದ್ರೆ ನಾವು ಒಳಗೆ ಏನೋ ಬಿಟ್ಟಿದ್ದೀವಿ ಅಂತ. ಹೆಚ್ಚಾದ್ರೆ, ನಾವಿಲ್ಲದಾಗ ಬೇರೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ. ಕಡಿಮೆಗಿಂತ ಹೆಚ್ಚಿಗೇ ನನಗೆ ಭಯ ಜಾಸ್ತಿ ಆಗ್ತಿದ್ದದ್ದು."

ಕೋಣೆ ಸಣ್ಣದಾದಂತೆ ಅನ್ನಿಸಿತು ಗುಬ್ಬಿಗೆ. ಕಪ್ಪು ಕ್ಯಾಬಿನೆಟ್ಟು ಮೇಜಿನ ಕೆಳಗೆ ತೆಪ್ಪಗೆ ಕೂತಿತ್ತು.

"ಒಳಗಿದ್ದ ಏನನ್ನೋ ಬಿಚ್ಚಿದ್ದಾರೆ," ಸಿಸ್ಟರತ್ತೆ ದನಿ ತಗ್ಗಿಸಿದರು. "ಅದನ್ನ ಹಿಡಿದಿಟ್ಟಿದ್ದ ನಾಲ್ಕು ತಿರುಪು ಹೊರಗೆ ಬಂದಿವೆ. ಕಳ್ಳ ಆಗಿದ್ರೆ ಏನು ಮಾಡ್ತಿದ್ದ? ನೆಲಕ್ಕೆ ಬಿಸಾಡಿ ಹೋಗ್ತಿದ್ದ. ಇವನು ಪೊಟ್ಟಣ ಹುಡುಕಿ, ಬಿಚ್ಚಿ, ಒಳಗೆ ಹಾಕಿ, ಮತ್ತೆ ರಬ್ಬರ್ ಹಾಕಿ ಇಟ್ಟಿದ್ದಾನೆ. ಇಂಥ ಅಭ್ಯಾಸ ಯಾರಿಗಿರುತ್ತೆ ಹೇಳು?"

ಗುಬ್ಬಿ ಗೋಡೆಯ ಗಡಿಯಾರ ನೋಡಿದಳು. ನಾಲ್ಕಕ್ಕೆ ಐದು ನಿಮಿಷ.

"ಅತ್ತೆ. ತಿರುಪಣ್ಣ ನಾಲ್ಕು ಗಂಟೆಗೆ ಬರ್ತಾರೆ."

"ಯಾರು?"

"ಕಂಪ್ಯೂಟರ್ ಜೋಡಿಸಿದವರು. ಒಂದೊಂದು ತಿರುಪನ್ನೂ ಲೆಕ್ಕ ಇಡ್ತಾರೆ ಅಂತ ಅಪ್ಪ ಇಟ್ಟ ಹೆಸರು. ಕಂಪ್ಯೂಟರ್ ಕೆಟ್ಟಿದೆ ಅಂತ ಬೆಳಿಗ್ಗೆ ನಾನೇ ಫೋನ್ ಮಾಡಿ ಕರೆದೆ."

ಕೆಳಗೆ ಗೇಟಿನ ಚಿಲಕ ಸದ್ದು ಮಾಡಿತು.

ಸಿಸ್ಟರತ್ತೆ ಕರವಸ್ತ್ರದ ನಾಲ್ಕು ತುದಿ ಸೇರಿಸಿ, ತಿರುಪುಗಳನ್ನು ಗಂಟು ಕಟ್ಟಿ ಮಡಿಲಲ್ಲಿ ಹಾಕಿಕೊಂಡರು. "ನಿನ್ನ ಗಂಡ ಎಷ್ಟೊತ್ತಿಗೆ ಬರ್ತಾನೆ?"

"ಆಫೀಸಿಂದ ಏಳಾಗುತ್ತೆ ಅಂದಿದ್ದಾರೆ."

"ಹಾಗಾದ್ರೆ ಮನೇಲಿ ನಾವಿಬ್ಬರೇ. ನೀನು ಬಾಗಿಲ ಹತ್ತಿರ ನಿಂತ್ಕೋ. ಫೋನು ಕೈಯಲ್ಲಿರಲಿ. ನಾನು ಎದ್ದು ನಿಂತ್ರೆ ಕೆಳಗೆ ಓಡು, ನನಗೋಸ್ಕರ ನಿಲ್ಲಬೇಡ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ನಿಧಾನವಾಗಿ ಬಂತು. ನಡುವೆ ಒಮ್ಮೆ ನಿಂತಿತು. ಯಾಕೆ ನಿಂತಿತು ಎಂದು ಗುಬ್ಬಿ ಬಗ್ಗಿ ನೋಡಿದಳು. ಮೆಟ್ಟಿಲ ಮೇಲೆ ಅಪ್ಪನ ಒಂಟಿ ಚಪ್ಪಲಿ ನಾಲ್ಕು ದಿನದಿಂದ ಮಗುಚಿ ಬಿದ್ದಿತ್ತು, ಮುಟ್ಟಲು ಅವಳಿಗೆ ಕೈ ಬಂದಿರಲಿಲ್ಲ. ಬಂದವನು ಅದನ್ನು ನೆಟ್ಟಗೆ ಮಾಡಿ, ಯಾರೂ ಎಡವದಂತೆ ಗೋಡೆಯ ಪಕ್ಕಕ್ಕೆ ಇಟ್ಟು, ಮೇಲೆ ಬಂದ.

ನಲವತ್ತೈದು ದಾಟಿದ ತೆಳ್ಳನೆಯ ಮನುಷ್ಯ. ಹೆಗಲಿಗೆ ಸಲಕರಣೆಯ ಚೀಲ. ಹೊಸ್ತಿಲಲ್ಲಿ ನಿಂತು, "ಬರಬಹುದಾ ಅಕ್ಕಾ?" ಅಂದ.

"ಬನ್ನಿ ಅಣ್ಣ."

ಸಿಸ್ಟರತ್ತೆ ಅವನ ಮುಖ ನೋಡಲಿಲ್ಲ, ಕೈ ನೋಡಿದರು. ಎಡತೋಳಿನ ಮುಂಗೈ ಪಟ್ಟಿಯಲ್ಲಿ ಗುಂಡಿ ಇತ್ತು. ಬಲಗೈಯದರಲ್ಲಿ ಇರಲಿಲ್ಲ, ದಾರದ ತುದಿಯಷ್ಟೇ ನೇತಾಡುತ್ತಿತ್ತು. ಉಸಿರಿಗಾಗಿ ಒದ್ದಾಡುವವರ ಬೆರಳು ಮೊದಲು ಹಿಡಿಯುವುದು ಎದುರಿನವನ ತೋಳನ್ನೇ.

"ಕೂತ್ಕೊಳ್ಳಿ," ಅಂದರು.

"ಕೂರೋದೇನು ಅಮ್ಮಾ, ನೋಡಿಬಿಡ್ತೀನಿ." ಅವನು ಕ್ಯಾಬಿನೆಟ್ಟಿನ ಕಡೆ ಬಗ್ಗಿದ.

"ಮೊದಲು ಕೂತ್ಕೊಳ್ಳಿ."

ಥಿಯೇಟರಿನಲ್ಲಿ ಡಾಕ್ಟರುಗಳನ್ನು ನಿಲ್ಲಿಸುತ್ತಿದ್ದ ದನಿ ಅದು. ಅವನು ಕೂತ.

ಸಿಸ್ಟರತ್ತೆ ಮಡಿಲಿನ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಪಕ್ಕದಲ್ಲಿ ಖಾಲಿ ಪೊಟ್ಟಣ ಇಟ್ಟರು. "ಈ ಅಕ್ಷರ ನಿಮ್ಮದಾ?"

"ಹೌದು."

"ಎಷ್ಟು ಅಂತ ಬರೆದಿದ್ದೀರಿ?"

"ಹದಿನಾಲ್ಕು."

"ಎಣಿಸಿ."

ಅವನು ಎಣಿಸಲಿಲ್ಲ. ಆ ತಿರುಪುಗಳನ್ನು ನೋಡಿದ್ದೇ ಅವನ ಮುಖದ ರಕ್ತ ಇಳಿದುಹೋಯಿತು. ಕರವಸ್ತ್ರದ ಕಡೆಯಿಂದ ಬಾಗಿಲ ಕಡೆಗೆ ನೋಡಿದ. ಬಾಗಿಲಲ್ಲಿ ಗುಬ್ಬಿ ಫೋನು ಹಿಡಿದು ನಿಂತಿದ್ದಳು.

"ಇಪ್ಪತ್ತೆರಡು ವರ್ಷದಲ್ಲಿ ಇದೊಂದೇ ಸಲ," ಅಂದ. ತನಗೆ ತಾನೇ ಹೇಳಿಕೊಂಡ ಹಾಗಿತ್ತು. "ತಿರುಪು ಒಳಗೆ ಹಾಕಿದೆ, ಮೇಲಿನ ನಂಬರು ತಿದ್ದಲಿಲ್ಲ."

ಗುಬ್ಬಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಏನು ತೆಗೆದಿರಿ?" ಸಿಸ್ಟರತ್ತೆಯ ದನಿ ಏರಲಿಲ್ಲ.

"ಡಿಸ್ಕು. ಬರೆದಿದ್ದೆಲ್ಲ ಅದರಲ್ಲೇ ಇರೋದು. ಅದಿಲ್ಲದಿದ್ರೆ ಇದು ಬರೀ ಡಬ್ಬ."

"ಯಾವತ್ತು?"

"ಶನಿವಾರ."

"ಶನಿವಾರ ಸಂಜೆ ಆ ಮನುಷ್ಯ ಸತ್ತ, ಗೊತ್ತಾ ನಿಮಗೆ?"

"ಗೊತ್ತು ಅಮ್ಮಾ." ಅವನ ಕಣ್ಣು ತುಂಬಿಕೊಂಡವು. "ನಾಲ್ಕು ದಿನದಿಂದ ಅದೊಂದೇ ಗೊತ್ತು. ಊಟ ಸೇರ್ತಿಲ್ಲ."

"ಗುಂಡಿ ಎಲ್ಲಿ?"

"ಏನು?"

"ನಿಮ್ಮ ಬಲಗೈ ಪಟ್ಟಿಯ ಗುಂಡಿ. ಎಲ್ಲಿ ಕಿತ್ತುಹೋಯ್ತು? ಯಾರು ಕಿತ್ತರು?"

ಸಿಸ್ಟರತ್ತೆ ಏಳಲು ಕುರ್ಚಿಯ ಕೈ ಹಿಡಿದರು. ಗುಬ್ಬಿ ಒಂದು ಹೆಜ್ಜೆ ಹಿಂದೆ ಸರಿದಳು. ತಿರುಪಣ್ಣ ಕೈಯನ್ನು ತಿರುಗಿಸಿ, ನೇತಾಡುವ ದಾರವನ್ನು ಈಗಷ್ಟೇ ಕಂಡವನಂತೆ ನೋಡಿದ. ಆಮೇಲೆ ಮೇಜಿನ ಕೆಳಗೆ ಬೆರಳು ತೋರಿಸಿದ.

"ಅಲ್ಲಿದೆ."

ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಆನ್ ಮಾಡುವ ಒತ್ತುಗುಂಡಿಯ ನಟ್ಟನಡುವೆ, ಒಂದು ಅಂಗಿಯ ಗುಂಡಿ ಅಂಟಿಕೊಂಡಿತ್ತು. ಬಿಳಿಯದು, ನಾಲ್ಕು ತೂತಿನದು. ಎಡತೋಳಿನಲ್ಲಿದ್ದುದರ ಜೋಡಿ.

"ದಸ್ತಾವೇಜು ಬರಹಗಾರರಿಗೆ ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ. ಕಪ್ಪು ಡಬ್ಬದ ಮೇಲೆ ಕಪ್ಪು ಬಟನ್ನು, ಎಲ್ಲಿ ಒತ್ತಬೇಕೋ ಗೊತ್ತಾಗ್ತಿರಲಿಲ್ಲ. ತಡವಿದ್ರೆ ಕೈಗೆ ಸಿಗಲಿ ಅಂತ ಜೋಡಿಸಿದ ದಿನವೇ ಕಿತ್ತು ಅಂಟಿಸಿದೆ. ಆಗ ಬೇರೇನೂ ಕೈಗೆ ಸಿಗಲಿಲ್ಲ."

ಸಿಸ್ಟರತ್ತೆ ಬಗ್ಗಿ ಆ ಗುಂಡಿಯನ್ನು ಬೆರಳಿನಿಂದ ಮುಟ್ಟಿದರು. ಅಂಚಿನಲ್ಲಿ ಸುತ್ತಲೂ ಅಂಟಿನ ತೆಳು ಗೆರೆ, ಅದರ ಮೇಲೆ ಹತ್ತು ದಿನದ ಸಣ್ಣ ಧೂಳು. ಮತ್ತೆ ಕುರ್ಚಿಗೆ ಒರಗಿದರು.

"ಕ್ಷಮಿಸಿ," ಅಂದರು. "ಒಳಗೆ ಬನ್ನಿ ಅಂದು ಇಷ್ಟು ಹೊತ್ತಾದ್ರೂ ನೀರು ಕೊಡಲಿಲ್ಲ." ಮೇಜಿನ ಮೇಲಿದ್ದ ತಮ್ಮ ಬಾಟಲಿಯ ಮುಚ್ಚಳ ತೆಗೆದು ಮುಂದೆ ಸರಿಸಿದರು. "ಕುಡಿದು, ಮೊದಲಿಂದ ಹೇಳಿ."

ಅವನು ಕುಡಿದ. ಅರ್ಧ ಬಾಟಲಿ ಒಂದೇ ಉಸಿರಿಗೆ.

"ಶನಿವಾರ ಬೆಳಿಗ್ಗೆ ಬರಹಗಾರರೇ ಫೋನ್ ಮಾಡಿದ್ರು. ಈಗಲೇ ಬಾ, ಅಂಗಡಿಯಲ್ಲಿ ಹೇಳಬೇಡ ಅಂದ್ರು. ಬಂದೆ. ಡಿಸ್ಕು ಬಿಚ್ಚಿಕೊಡು ಅಂದ್ರು. ಹೊಸದು ಸಾರ್, ಗ್ಯಾರಂಟಿ ಹೋಗುತ್ತೆ ಅಂದೆ. ಹೋಗಲಿ ಅಂದ್ರು. ಮಾತಾಡ್ತಾ ಬಾಗಿಲ ಕಡೆಗೇ ನೋಡ್ತಿದ್ರು. ಬಿಚ್ಚಿ ಕೊಟ್ಟೆ, ಅಂಗೈಯಷ್ಟಗಲ ಇರುತ್ತೆ ಅದು. ತಿರುಪು ಪೊಟ್ಟಣಕ್ಕೆ ಹಾಕಿದೆ."

"ಯಾಕೆ ಹಾಕಿದ್ರಿ?"

ಪ್ರಶ್ನೆಯೇ ಅವನಿಗೆ ಅರ್ಥವಾಗಲಿಲ್ಲ. "ಈ ಮನೆಯ ತಿರುಪಲ್ವಾ ಅಮ್ಮಾ. ನಾನು ಜೇಬಿಗೆ ಹಾಕ್ಕೊಂಡು ಹೋಗೋಕಾಗುತ್ತಾ?"

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಕೊನೆಗೆ ಈ ಕೋಣೆಗೆ ಬಂದು ಹೋದವನು ನಾನು. ಬಿಚ್ಚಿದವನೂ ನಾನು. ಹೇಳಿದ್ರೆ ಕೂರಿಸಿಕೊಳ್ಳೋದು ನನ್ನನ್ನೇ. ಇನ್ನೊಂದು ಕಾರಣಾನೂ ಇದೆ." ಅವನು ಅಂಗಿಯ ಒಳಜೇಬಿನಿಂದ ಮಡಚಿದ ಕಾಗದ ತೆಗೆದ. "ಬರಹಗಾರರು ಸುಮ್ಮನೆ ತಗೊಳ್ಳಲಿಲ್ಲ. ರಸೀದಿ ಬರ್ಕೊಟ್ರು. ಬೇಡ ಸಾರ್ ಅಂದ್ರೂ ಕೇಳಲಿಲ್ಲ."

ಗುಬ್ಬಿ ಬಾಗಿಲು ಬಿಟ್ಟು ಬಂದು ಕಾಗದ ತೆಗೆದುಕೊಂಡಳು. ಅಪ್ಪನ ಅಕ್ಷರ. ಕಣ್ಣು ಕಾಣದೆ ಸಾಲು ಸ್ವಲ್ಪ ಇಳಿಜಾರಾಗಿತ್ತು, ಆದರೂ ದಸ್ತಾವೇಜಿನ ಗತ್ತು ಬಿಟ್ಟಿರಲಿಲ್ಲ. ಅವಳು ಓದಿದಳು, ಮೊದಲು ಗಟ್ಟಿಯಾಗಿ, ಬರುಬರುತ್ತ ಪಿಸುಮಾತಿನಲ್ಲಿ.

"ನನ್ನ ಕಂಪ್ಯೂಟರಿನ ಡಿಸ್ಕು ಒಂದನ್ನು ಈ ದಿನ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನನ್ನ ಸ್ವಂತ ಇಚ್ಛೆಯಿಂದ ಬಿಚ್ಚಿಸಿ ನನ್ನ ವಶಕ್ಕೆ ಪಡೆದಿರುತ್ತೇನೆ. ಬಿಚ್ಚಿದವರ ತಪ್ಪು ಏನೂ ಇರುವುದಿಲ್ಲ. ಈ ವಿಷಯವನ್ನು ನನ್ನ ಮನೆಯವರಿಗೂ ತಿಳಿಸಬಾರದಾಗಿ ಕೋರಿರುತ್ತೇನೆ."

ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು.

"ಮನೆಯವರು ಅಂದ್ರೆ ಯಾರು ಅತ್ತೆ? ಈ ಮನೇಲಿ ಇರೋದು ನಾವಿಬ್ಬರೇ. ನಾನು, ಇವರು."

ಸಿಸ್ಟರತ್ತೆ ಅವಳ ಮೊಣಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಶುಕ್ರವಾರ ಅಪ್ಪನನ್ನು ಹುಡುಕಿಕೊಂಡು ಒಬ್ಬ ಮುದುಕಿ ಅಳುತ್ತ ಬಂದಿದ್ದಳೆಂದು ಗುಬ್ಬಿಯೇ ನಿನ್ನೆ ಹೇಳಿದ್ದಳು. ತಾನು ಒತ್ತದ ಹೆಬ್ಬೆಟ್ಟಿನ ಮೇಲೆ ತನ್ನ ಮನೆ ಬೇರೆ ಯಾರಿಗೋ ಮಾರಾಟವಾಗಿದೆ ಎಂದು ಆ ಮುದುಕಿಯ ದೂರು. ಆ ಮಾರಾಟಪತ್ರದ ಪ್ರತಿಗಳನ್ನೆಲ್ಲ ಅಪ್ಪ ಅವತ್ತು ಕಂಪ್ಯೂಟರಿಗೆ ಹಾಕಿಕೊಂಡಿದ್ದರು. ಆ ರಾತ್ರಿ ಫೋನಿನಲ್ಲಿ ಗಂಡನಿಗೂ ಇದನ್ನು ಹೇಳಿದೆ ಅಂದಿದ್ದಳು. ಗುಬ್ಬಿಯ ಗಂಡ ಕೆಲಸ ಮಾಡುವುದು ಮನೆ, ಸೈಟು ಮಾರುವ ಕಚೇರಿಯಲ್ಲಿ. ಇದನ್ನೂ ಗುಬ್ಬಿಯೇ ಹೇಳಿದ್ದು. ಹೇಳುವಾಗ ಅವಳು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ, ಅಷ್ಟೇ.

ಆದರೆ ಅಳಿಯ ಶನಿವಾರ ಊರಲ್ಲಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಬ್ಯಾಗು ಹಿಡಿದು ಬಸ್ಸು ಹತ್ತಿದವನು, ಸುದ್ದಿ ಕೇಳಿ ಭಾನುವಾರ ಮಧ್ಯಾಹ್ನ ಬಂದಿದ್ದ. ಅಷ್ಟರಲ್ಲಿ ಕೋಣೆಗೆ ಬೀಗ ಬಿದ್ದಿತ್ತು. ಮಾವನ ಫೋಟೋದ ಮುಂದೆ ಕೂತು ಅತ್ತಿದ್ದ. ಸಿಸ್ಟರತ್ತೆಗೆ ಕೂರಲು ಕುರ್ಚಿ ತಂದುಕೊಟ್ಟಿದ್ದ, ಬೆನ್ನಿಗೆ ದಿಂಬು ಇಟ್ಟಿದ್ದ. ಆ ದಿಂಬಿನ ಉಪಕಾರ ಇನ್ನೂ ಅವರ ಬೆನ್ನಿಗೆ ನೆನಪಿತ್ತು.

"ಅಕ್ಕಾ," ತಿರುಪಣ್ಣ ಮೆಲ್ಲಗೆ ಅಂದ, "ಬೆಳಿಗ್ಗೆ ನೀವು ಫೋನ್ ಮಾಡಿದಾಗಿಂದ ಒಂದು ವಿಷಯ ಕೊರೀತಿದೆ. ಕೇಳಲಾ?"

"ಕೇಳಿ."

"ಕಪ್ಪು ಪರದೆ ಮೇಲೆ ಬಿಳೀ ಅಕ್ಷರದಲ್ಲಿ ಒಂದು ಸಾಲು ಬಂದು ಹಾಗೇ ನಿಂತ್ಬಿಡುತ್ತೆ ಅಂದ್ರಿ."

"ಹೌದು."

"ಆ ಸಾಲು ಬರೋದು ಒಳಗೆ ಡಿಸ್ಕು ಇಲ್ಲದಾಗ ಮಾತ್ರ. ಇದ್ದಾಗ ಬರೋಲ್ಲ. ಅಂದ್ರೆ ಶನಿವಾರ ಹನ್ನೊಂದು ಗಂಟೆ ಆದ್ಮೇಲೆ ನೀವು ಆನ್ ಮಾಡಿ ನೋಡಿದ್ದೀರಿ. ಯಾವಾಗ ನೋಡಿದ್ರಿ?"

"ನಾನು ನೋಡಲಿಲ್ಲ," ಅಂದಳು ಗುಬ್ಬಿ. "ನನಗೆ ಹೇಳಿದ್ದು..."

ಅಲ್ಲಿಗೆ ಅವಳ ಮಾತು ನಿಂತುಹೋಯಿತು.

ಸಿಸ್ಟರತ್ತೆ ತಲೆ ಎತ್ತಿದರು. ಕಂಪ್ಯೂಟರ್ ಕೆಟ್ಟಿದೆ ಎಂದು ಗುಬ್ಬಿ ಅಂದಾಗಲೇ ತಾವು ಕೇಳಬೇಕಿತ್ತು. ಬೀಗ ಹಾಕಿದ ಕೋಣೆಯೊಳಗಿನ ಯಂತ್ರ ಕೆಟ್ಟಿದೆ ಎಂದು ಗೊತ್ತಾಗುವುದು ಹೇಗೆ?

"ಯಾರು ಹೇಳಿದ್ದು, ಮಗೂ?"

"ಇವರು. ಇವತ್ತು ಬೆಳಿಗ್ಗೆ, ಶೇವ್ ಮಾಡ್ತಾ ಹೇಳಿದ್ರು. ಮಾವನ ಕಂಪ್ಯೂಟರ್ ಕೆಟ್ಟಿದೆ, ಹೀಗ್ಹೀಗೆ ಬರುತ್ತೆ, ರಿಪೇರಿಯವನನ್ನ ಕರೆಸಿ ನೋಡು, ಡಿಸ್ಕಿಗೆ ಏನಾಗಿದೆ ಕೇಳು ಅಂತ. ಅದನ್ನೇ ನಾನು ಅಣ್ಣನಿಗೆ ಹೇಳಿದ್ದು." ಅವಳು ಇಬ್ಬರ ಮುಖವನ್ನೂ ನೋಡಿದಳು, ಬೇರೆ ಏನಾದರೂ ಅರ್ಥ ಹುಡುಕಿ ಕೊಡಿ ಎಂಬಂತೆ. "ಅಪ್ಪ ಫೋನಲ್ಲಿ ಹೇಳಿರಬಹುದು. ಅಲ್ವಾ? ಅಪ್ಪನೇ ಹೇಳಿರಬಹುದು."

"ಡಿಸ್ಕು ತೆಗೆಸಿದ್ದು ಮನೆಯವರಿಗೆ ಗೊತ್ತಾಗಬಾರದು ಅಂತ ಬರೆದವರು, ಪರದೆ ಮೇಲೆ ಏನು ಬರುತ್ತೆ ಅಂತ ಅಳಿಯನಿಗೆ ಹೇಳ್ತಾರಾ?"

ಗುಬ್ಬಿ ರಸೀದಿಯನ್ನು ಮಡಚಿ ಮೇಜಿನ ಮೇಲಿಟ್ಟಳು.

ಶನಿವಾರ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಏಳರವರೆಗೆ. ಆ ಎಂಟು ಗಂಟೆಯ ನಡುವೆ ಯಾವಾಗಲೋ ಒಬ್ಬ ಈ ಕುರ್ಚಿಯಲ್ಲಿ ಕೂತು, ಆ ಅಂಗಿಗುಂಡಿಯನ್ನು ಒತ್ತಿ, ಪರದೆಯ ಮೇಲೆ ಬಂದ ಬಿಳೀ ಸಾಲನ್ನು ಓದಿದ್ದ. ಆ ಹೊತ್ತಿನಲ್ಲಿ ಗುಬ್ಬಿ ಶಾಲೆಯಲ್ಲಿ ಮಕ್ಕಳ ಚಿತ್ರಗಳಿಗೆ ಅಂಕ ಹಾಕುತ್ತಿದ್ದಳು.

ಸಿಸ್ಟರತ್ತೆ ಮಾನಿಟರಿನ ಕಡೆ ನೋಡಿದರು. ಕ್ಯಾಬಿನೆಟ್ಟಿನ ಕವರು ಪಕ್ಕದಲ್ಲೇ ಮಡಚಿ ಇಟ್ಟಿತ್ತು. ದಪ್ಪ, ಪಾರದರ್ಶಕ ಪ್ಲಾಸ್ಟಿಕ್ಕು, ಅಂಚಿಗೆ ನೀಲಿ ಪಟ್ಟಿ. ಮಾನಿಟರಿನದು ಇದಕ್ಕಿಂತ ದೊಡ್ಡದು. ಒಬ್ಬರ ತಲೆಗೆ ಮೇಲಿನಿಂದ ಸರಾಗವಾಗಿ ಇಳಿಯುವಷ್ಟು. ರೆಪ್ಪೆಯೊಳಗಿನ ಕೆಂಪು ಚುಕ್ಕಿಗಳು ನೆನಪಿಗೆ ಬಂದವು.

"ಗುಬ್ಬಿ, ಇಲ್ಲಿ ನೋಡು. ಇಂಥದೇ, ಇದಕ್ಕಿಂತ ದೊಡ್ಡದು. ನೀಲಿ ಅಂಚು. ಮನೇಲಿ ಎಲ್ಲಾದ್ರೂ ಕಂಡ್ಯಾ?"

ಗುಬ್ಬಿ ಆ ನೀಲಿ ಅಂಚನ್ನು ಮುಟ್ಟಿದಳು.

"ಭಾನುವಾರ ಬಂದಾಗ ಇವರು ಬ್ಯಾಗ್ ಬಿಚ್ಚದೆ ಹಾಗೇ ಇಟ್ರು. ಸೋಮವಾರ ನಾನೇ ಖಾಲಿ ಮಾಡಿದೆ. ಊರಿಂದ ಬಂದ್ರೆ ಯಾವಾಗಲೂ ನಾನೇ ಅಲ್ವಾ ಒಗೆಯೋ ಬಟ್ಟೆ ತೆಗೆಯೋದು." ಅವಳ ದನಿ ಚಿಕ್ಕ ಹುಡುಗಿಯದಂತೆ ಆಗಿತ್ತು. "ತಳದಲ್ಲಿ ಅಂಗಿಯೊಳಗೆ ಸುತ್ತಿ ಒಂದು ಪ್ಲಾಸ್ಟಿಕ್ ಇತ್ತು. ಒಳ್ಳೇ ದಪ್ಪ ಪ್ಲಾಸ್ಟಿಕ್. ಒಳಗೆಲ್ಲ ಏನೋ ಅಂಟಂಟಾಗಿತ್ತು. ಬಿಸಾಡೋಕೆ ಮನಸ್ಸಾಗಲಿಲ್ಲ ಅತ್ತೆ. ಅಕ್ಕಿ ಡಬ್ಬದ ಮೇಲೆ ಹೊದಿಸೋಕೆ ಆಗುತ್ತೆ ಅಂತ..."

"ಏನು ಮಾಡಿದೆ?"

"ಒಗೆದು ಒಣಹಾಕಿದೆ. ಹಿತ್ತಲಲ್ಲಿ. ಹಗ್ಗದ ಮೇಲೆ. ಇನ್ನೂ ತೆಗೆದಿಲ್ಲ."

ಹಾಳಾದದ್ದು ಏನು ಹಾಳಾಯಿತೋ, ಉಳಿದದ್ದು ಏನು ಉಳಿಯಿತೋ ಎಂದು ಸಿಸ್ಟರತ್ತೆ ಲೆಕ್ಕ ಹಾಕಿದರು. ಒಗೆದಿದ್ದಾಳೆ. ಆದರೂ ಪಟ್ಟಿಯಲ್ಲಿದ್ದ ಕವರು ಅವನ ಬ್ಯಾಗಿನಲ್ಲಿ ಸಿಕ್ಕಿದ್ದು ಸುಳ್ಳಾಗುವುದಿಲ್ಲ. ಡಿಸ್ಕು ಎಲ್ಲಿದೆಯೋ, ಅವನಿಗೂ ಸಿಕ್ಕಂತಿಲ್ಲ. ಅಂಗಡಿಯ ಪಟ್ಟಿ, ಈ ರಸೀದಿ, ಆ ಕವರು. ಮೂರನ್ನೂ ಒಟ್ಟಿಗೆ ಇಟ್ಟರೆ ನಾಳೆ ಹನ್ನೊಂದಕ್ಕೆ ಯಾವ ಪೊಲೀಸರೂ ಫೈಲು ಮುಚ್ಚಲಾರರು.

"ತಿರುಪಣ್ಣ, ಕೆಳಗೆ ಹೋಗಿ ಅದನ್ನ ತಂದುಬಿಡಿ. ಅಂಚು ಹಿಡಿದು ತನ್ನಿ. ಬೇಗ."

ಅವನು ಎದ್ದ. ಏಳುತ್ತ ಕಿಟಕಿಯ ಹೊರಗೆ ನೋಡಿದವನು ಹಾಗೇ ನಿಂತ.

"ಅಮ್ಮಾ," ಅಂದ. "ಹಿತ್ತಲಲ್ಲಿ ಯಾರೋ ಇದ್ದಾರೆ."

ಮೂವರೂ ಕಿಟಕಿಯ ಬಳಿ ಬಂದರು.

ಕೆಳಗೆ, ಇಳಿಬಿಸಿಲಿನಲ್ಲಿ, ಗುಬ್ಬಿಯ ಗಂಡ ಒಣಗಿದ ಬಟ್ಟೆ ತೆಗೆಯುತ್ತಿದ್ದ. ಆಫೀಸಿನ ಅಂಗಿ, ಆಫೀಸಿನ ಬೂಟು. ಅವಸರವೇನೂ ಇರಲಿಲ್ಲ. ಅವಳ ಸೀರೆ ತೆಗೆದು, ನೀಟಾಗಿ ಮಡಚಿ ಹೆಗಲ ಮೇಲೆ ಹಾಕಿಕೊಂಡ. ಟವೆಲು ತೆಗೆದ. ಕ್ಲಿಪ್ಪುಗಳನ್ನು ಒಂದೊಂದಾಗಿ ಜೇಬಿಗೆ ಹಾಕಿಕೊಂಡ.

"ಮದುವೆಯಾಗಿ ಒಂಬತ್ತು ವರ್ಷ," ಗುಬ್ಬಿ ಗಾಜಿಗೆ ಹೇಳಿದಳು. "ಒಂದು ದಿನಾನೂ ಬಟ್ಟೆ ತೆಗೆದಿಲ್ಲ ಅವರು."

ಕೊನೆಯಲ್ಲಿ ಕವರು ತೆಗೆದ. ಅದನ್ನು ಬಿಡಿಸಿ ಎರಡೂ ಕೈಯಲ್ಲಿ ಬೆಳಕಿಗೆ ಎತ್ತಿ ಹಿಡಿದ. ಆ ಪಾರದರ್ಶಕ ಪ್ಲಾಸ್ಟಿಕ್ಕಿನ ಹಿಂದೆ ಅವನ ಮುಖ ಕ್ಷಣಕಾಲ ಮಸುಕಾಯಿತು. ಇಳಿಸಿದಾಗ ಅವನ ಕಣ್ಣು ನೇರ ಮೇಲಿನ ಕಿಟಕಿಯ ಮೇಲಿತ್ತು.

ಅವನು ನಕ್ಕ. ದಿಂಬು ಕೊಟ್ಟಾಗ ನಕ್ಕ ಹಾಗೆಯೇ.

ಆಮೇಲೆ ಹಿತ್ತಲು ಖಾಲಿಯಾಗಿತ್ತು. ಹಗ್ಗ ಮಾತ್ರ ತೂಗುತ್ತಿತ್ತು. ಅಡುಗೆಮನೆಯ ಬಾಗಿಲು ಮುಚ್ಚಿದ ಸದ್ದು ಬಂತು. ಮೆಟ್ಟಿಲ ಮೇಲೆ ಬೂಟಿನ ಸದ್ದು.

"ಪೊಲೀಸರಿಗೆ ಫೋನ್ ಮಾಡು," ಸಿಸ್ಟರತ್ತೆ ಪಿಸುಗುಟ್ಟಿದರು. "ತಿರುಪಣ್ಣ, ಬಾಗಿಲು ಹಾಕಿ. ಒಳಗಿಂದ ಬೀಗ ಹಾಕಿ."

ತಿರುಪಣ್ಣ ಬಾಗಿಲು ತಳ್ಳಿದ. ಚಿಲಕ ತಡವಿದ. ಅಪ್ಪನ ಕೋಣೆಗೆ ಒಳಚಿಲಕ ಇರಲಿಲ್ಲ. ಬೀಗದ ತೂತು ಮಾತ್ರ ಇತ್ತು.

"ಬೀಗದ ಕೈ ಎಲ್ಲಿ ಅಕ್ಕಾ?"

"ಬಾಗಿಲಲ್ಲೇ ಇದೆ. ತೆಗೆದಾಗ ಅಲ್ಲೇ ಬಿಟ್ಟೆ."

"ಯಾವ ಕಡೆ?"

ಹೆಜ್ಜೆಗಳು ಹೊಸ್ತಿಲ ಆಚೆ ನಿಂತವು. ಹೊರಗಿನಿಂದ ಬೀಗದ ಕೈ ಒಂದು ಸುತ್ತು ತಿರುಗಿತು.

ಆಮೇಲೆ ಬಾಗಿಲಿಗೆ ತುಟಿ ಹತ್ತಿರ ತಂದು ಮಾತಾಡಿದಂತೆ, ಮೃದುವಾದ, ಕಾಳಜಿಯ ದನಿ.

"ಒಳಗೆ ಮೂರು ಜನ ಇದ್ದೀರಿ ಅಲ್ವಾ, ಸಿಸ್ಟರತ್ತೆ? ಸರಿಯಾಗಿ ಎಣಿಸಿ ಹೇಳಿ."